ಬೆಂಕಿ ಹತ್ತದ ಕೌದಿ

ನಮ್ಮ ಕಡೆ ಹಸುಗೂಸನ್ನು ಹೊಸ ಹಾಸಿಗೆಯ ಮೇಲೆ ಮಲಗಿಸುವುದಿಲ್ಲ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರ ಸೇರಿಸಿ ಹೊಲಿದ ಕೌದಿಯೇ ಆಗಬೇಕು. ಬ್ಯಾಡಗಿಗೆ ಕೊಟ್ಟಿದ್ದ ತಂಗಿ ಚೊಚ್ಚಲ ಹೆರಿಗೆಗೆ ರಾಣೆಬೆನ್ನೂರಿಗೆ ಬಂದಾಗ ಅವ್ವ ಅಂಥದೊಂದು ಹೊಲಿದಳು. ಇನ್ನಷ್ಟು ಮೆತ್ತಗಿರಲೆಂದು ನಮ್ಮ ಹಳೆಯ ಸೋಫಾದ ಸ್ಪಂಜು ಬಿಡಿಸಿ ಒಳಗೆ ತುಂಬಿದಳು. ಅಪ್ಪ ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಿಂದ ತಂದಿದ್ದ ಪರದೇಶದ ಸೋಫಾ ಅದು. ಸ್ಪಂಜು ಹಳದಿಯಾಗಿ, ಮುಟ್ಟಿದರೆ ಹಿಟ್ಟಿನಂತೆ ಉದುರುತ್ತಿತ್ತು. ಹಳೆಯದು, ಮನೆಯದು. ಅವ್ವನಿಗೆ ಅಷ್ಟು ಸಾಕಿತ್ತು.

ಕೌದಿಗೆ ಬೆಂಕಿ ತಾಗಿದಾಗ ಕೂಸಿಗೆ ಐದಾರು ತಿಂಗಳು. ಆ ವಾರ ನಾನು ಡೈರಿಯಲ್ಲಿ ಏನೂ ಬರೆದಿಲ್ಲ, ನೆನಪನ್ನೇ ನಂಬಬೇಕು. ಆಮೇಲೆ ತಿಳಿದದ್ದನ್ನು ಮೊದಲೇ ತಿಳಿದಿತ್ತು ಅನ್ನುವ ಚಾಳಿ ನನ್ನ ನೆನಪಿಗಿದೆ.

ಒಂದು ಸಂಜೆ ಅವ್ವ ಕೂಸಿನ ದೃಷ್ಟಿ ತೆಗೆಯಲು ಕಸಬರಿಗೆ ಕಡ್ಡಿ ಹೊತ್ತಿಸಿದಳು. ಉರಿಯುವ ಕಡ್ಡಿಯೊಂದು ಜಾರಿ ಕೌದಿಯ ಅಂಚಿಗೆ ಬಿತ್ತು. ತಂಗಿ ಚೀರಿ ಕೂಸನ್ನು ಎತ್ತಿಕೊಂಡಳು. ಮೇಲಿನ ಸೀರೆ ಅಂಗೈಯಷ್ಟು ಉರಿಯಿತು. ಒಳಗಿನ ಸ್ಪಂಜಿಗೆ ತಾಗಿದ್ದೇ ತಡ, ಉರಿ ಆರಿಹೋಯಿತು.

“ಮೈಲಾರಲಿಂಗ ಕಾಯ್ದ ನೋಡವಾ!” ಅವ್ವ ದೇವರಗುಡ್ಡದ ದಿಕ್ಕಿಗೆ ಕೈ ಮುಗಿದಳು. ನಾನೂ ಮುಗಿದೆನೇನೋ.

ಆದರೆ ಸ್ಪಂಜು ಹೇಗೆ ಉರಿಯುತ್ತದೆಂದು ನಾನು ಕಂಡವಳು. ನಮ್ಮ ಓಣಿಯ ಗಾದಿ ಅಂಗಡಿ ನೋಡನೋಡುತ್ತ ಸುಟ್ಟುಹೋಗಿತ್ತು. ಕೌದಿಯ ಸ್ಪಂಜಿನ ಒಂದು ಚೂರು ಹಿತ್ತಲಿಗೆ ಒಯ್ದು ಕಡ್ಡಿ ಗೀರಿದೆ. ಕರಗಿತು, ಕಪ್ಪಾಯಿತು, ಕಡ್ಡಿ ತೆಗೆದೊಡನೆ ಆರಿತು. ಮತ್ತೆ ಗೀರಿದೆ. ಮತ್ತೆ ಆರಿತು.

ಮನೆಗೊಂದೇ ಮೊಬೈಲು ಇದ್ದ ಕಾಲ. ಹಾವೇರಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಗೆಳತಿಗೆ ಫೋನು ಹಚ್ಚಿ ನಡೆದದ್ದನ್ನು ಹೇಳಿದೆ. ಅವಳು ಮೊದಲು ನಕ್ಕಳು. “ಚಲೋ ಆತಲ್ಲೇ, ಮನಿ ಉಳೀತು.” ಸ್ಪಂಜು ಹಿಟ್ಟಾಗಿ ಉದುರುತ್ತದೆ ಅಂದಾಗ ನಗು ನಿಂತಿತು.

“ಕೂಸು ಅದರ ಮ್ಯಾಲೆ ಮಲಗತೈತೇನು? ಲಗೂ ತಗಿ. ಬೆಂಕಿ ಹತ್ತಬಾರದಂತ ಹೊರಗಿನ ದೇಶದಾಗ ಸೋಫಾಕ್ಕ ರಾಸಾಯನಿಕ ಹಾಕ್ತಾರ. ಧೂಳಿನ ಕೂಡ ಹೊರಗ ಬರತೈತಿ. ಸಣ್ಣ ಕೂಸಿನ ಥೈರಾಯ್ಡಿಗೆ, ಮಿದುಳು ಬೆಳಿಯೂದಕ್ಕ ಕೆಟ್ಟದ್ದಂತ ಸಂಶೆ ಐತಿ.”

ಅವ್ವನಿಗೆ ಹೇಳಿದೆ. “ಸಾಲಿ ಕಲ್ತು ಹುಚ್ಚಿ ಆಗೀದಿ. ಬೆಂಕಿ ಹತ್ತಲಿಲ್ಲ ಅಂದ್ರ ಅದೂ ತಪ್ಪೇನ?” ಅಂದಳು. ಆದರೂ ಕೌದಿ ಮಡಚಿಕೊಂಡು ತಿಪ್ಪೆಯ ಕಡೆ ಹೊರಟಳು. ಹಲಗೇರಿಯ ನಮ್ಮ ಮೆಣಸಿನಕಾಯಿ ಹೊಲಕ್ಕೆ ಹೋಗುವುದು ಅದೇ ತಿಪ್ಪೆಯ ಗೊಬ್ಬರ. ಅಡ್ಡ ನಿಂತೆ.

“ಸುಡಾಕ ಬರಂಗಿಲ್ಲ, ತಿಪ್ಪಿಗೆ ಬ್ಯಾಡ. ಮತ್ತ ಎಲ್ಲಿ ಒಗೀಲೆ ಇದನ್ನ?” ಅಂದಳು ಅವ್ವ.

ಕೊನೆಗೆ ಗೋಣಿಚೀಲದಲ್ಲಿ ಕಟ್ಟಿ ಹಿತ್ತಲ ಕೋಣೆಗೆ ಹಾಕಿದೆವು.

ತಂಗಿ ಕೂಸಿನ ಬಾಯಿಂದ ಮುಷ್ಟಿ ಬಿಡಿಸಿ ತೊಳೆದಳು. ಮುಷ್ಟಿ ಮತ್ತೆ ಬಾಯಿಗೆ ಹೋಯಿತು. ಮತ್ತೆ ತೊಳೆದಳು.

“ಅಕ್ಕಾ, ಈಗಾಗಲೇ ಒಳಗ ಹೋಗಿದ್ದನ್ನ ಹೆಂಗ ತಗಿಯೂದು? ಕೇಳು ಆಕೀನ್ನ.”

ಮತ್ತೆ ಫೋನು ಹಚ್ಚಿ ಕೇಳಿದೆ. ತಂಗಿ ಕೂಸಿನ ಸಮೇತ ನನಗೆ ಒತ್ತಿ ನಿಂತು ಫೋನಿಗೆ ಕಿವಿ ಕೊಟ್ಟಳು. “ಒಳಗ ಹೋಗಿದ್ದನ್ನ ತಗಿಯಾಕ ಬರಂಗಿಲ್ಲ,” ಅಂದಳು ಗೆಳತಿ, “ಇನ್ನಷ್ಟು ಹೋಗದಂಗ ಕೂಸಿನ ಕೈ ತೊಳಕೋತ ಇರ್ರಿ.”