ರಸ್ತೆ ದಾಟದ ಅಪ್ಪ

ಮಶೋಕೊ ಅಜ್ಜನ ಬಾಯಿಗೆ ಸಿಕ್ಕಿ ಮರ್ಯಾದೆ ಉಳಿಸಿಕೊಂಡವರು ರುಸಾಪೆ ಊರಲ್ಲೇ ಇಲ್ಲ. ಹೆಣ್ಣುಮಕ್ಕಳ ಶಾಲೆಯ ಎದುರು, ರಸ್ತೆಯ ಆಚೆ ಬದಿಗೆ, ನಲವತ್ತು ವರ್ಷದಿಂದ ಚಪ್ಪಲಿ ಹೊಲಿಯುತ್ತಾ ಕೂತ ಮುದುಕ. ನಾನು ಬರೆದ ಚಿತ್ರವನ್ನು ಕನ್ನಡಕ ಏರಿಸಿ ನೋಡಿದ.

"ಯಾರಮ್ಮ ಇವನು? ಮದುಮಗನಾ?"

"ಟಾಪೆರ, ಅಜ್ಜ. ನಿಮ್ಮ ಗೆಳೆಯ."

"ಥೂ! ಟಾಪೆರನ ಮೈಮೇಲೆ ಇಸ್ತ್ರಿ ಬಟ್ಟೆ ನಾನು ಕಂಡಿದ್ದು ಪೆಟ್ಟಿಗೇಲಿ ಮಲಗಿಸಿದಾಗಲೇ."

ಸಿಟ್ಟು ನನಗೂ ಇತ್ತು. ಟಾಪೆರನ ಕಾದಂಬರಿಗಳನ್ನು ಶಾಲೆಯಲ್ಲಿ ಓದಿಯೇ ಬೆಳೆದವಳು ನಾನು. ಈಗ ಮಕ್ಕಳಿಗಾಗಿ ಅವನ ಜೀವನಚರಿತ್ರೆ ಬರುತ್ತಿತ್ತು, ಪುಟಪುಟಕ್ಕೂ ನನ್ನ ಚಿತ್ರ. ಬಾಟಲಿ ಬೇಡ, ಹರಿದ ಶೂ ಬೇಡ, ಬಸ್ ನಿಲ್ದಾಣದಲ್ಲಿ ಮಲಗಿದ್ದು ಬೇಡ ಅಂದಿದ್ದರು ಪ್ರಕಾಶಕರು. ಎಲ್ಲಾ ಬೇಡ ಅಂದರೆ ಉಳಿಯುವುದೇನು, ಬರೀ ಮೀಸೆಯಾ? ಅದಕ್ಕೇ ಅಜ್ಜನನ್ನು ಹುಡುಕಿಕೊಂಡು ಹೋಗಿದ್ದೆ.

ಅಜ್ಜ ಟಾಪೆರನ ಸಹ್ವಿರ. ಬರೀ ಗೆಳೆಯ ಅಂದರೆ ಸಾಲದು. ಸಾವಿನ ಮನೆಯಲ್ಲಿ ಸತ್ತವನ ಕೋಟು ತೊಟ್ಟು, ಅವನ ನಡಿಗೆ ನಡೆದು, ಅವನ ಕುಡಿತ, ಜಗಳ, ಜಿಪುಣತನವನ್ನೆಲ್ಲ ಆಡಿ ತೋರಿಸಿ ಅಳುವವರನ್ನು ನಗಿಸುವ ಹಕ್ಕು ಸಹ್ವಿರನದು. ಅವನು ಸುಳ್ಳಾಡಕೂಡದು. ಟಾಪೆರ ಸತ್ತ ದಿನ ರಾಜಧಾನಿಯಿಂದ ದೊಡ್ಡ ಮನುಷ್ಯರು ಬಂದಿದ್ದರು. "ಇವತ್ತು ನಿನ್ನ ಕೋಡಂಗಿ ಆಟ ಬೇಡ, ಕೂತ್ಕೋ" ಅಂದರಂತೆ. ಅಜ್ಜ ಕೂತ. ಭಾಷಣಗಳಾದವು, ಮಣ್ಣಾಯಿತು. ಗೆಳೆಯನನ್ನು ಬರೀ ಸುಳ್ಳು ಕೇಳಿಸಿ ಕಳಿಸಿಬಿಟ್ಟೆ ಎಂಬ ಕೊರಗು ಅವನನ್ನು ಬಿಟ್ಟೇ ಇಲ್ಲ.

"ಇದ್ದದ್ದನ್ನೆಲ್ಲ ಬರೀತೀಯಾ? ಹಾಗಿದ್ರೆ ಶುಕ್ರವಾರ ಬಾ. ಅವನ ಮಗಳು ಶುವಾಯೀನೂ ಕರ್ಕೊಂಡು ಬಾ. ಅಪ್ಪ ತಿರುಗಿಯೂ ನೋಡ್ಲಿಲ್ಲ ಅಂತ ಆ ಹುಡುಗಿ ಇವತ್ತಿಗೂ ಗೋರಿ ಕಡೆ ತಲೆ ಹಾಕಿಲ್ಲ. ನಾನು ಸಾಯೋದ್ರೊಳಗೆ ಅವಳಿಗೆ ನಿಜ ಗೊತ್ತಾಗ್ಬೇಕು."

'ಹುಡುಗಿ'ಗೆ ನಲವತ್ತು ವರ್ಷ, ಆಸ್ಪತ್ರೆಯಲ್ಲಿ ನರ್ಸು. ಗಂಡನ ಕುಡಿತ ತಾಳಲಾರದೆ ತಾಯಿ ಮಗುವನ್ನು ತವರಿಗೆ ಕರೆದುಕೊಂಡು ಹೋಗಿದ್ದಳು. ಶುವಾಯಿ ಮುಖ ಬಿಗಿದುಕೊಂಡೇ ಬಂದು ಕೂತಳು.

ಅಜ್ಜ ಗೆಳೆಯನ ಹಳೇ ಕೋಟು ತೊಟ್ಟು, ಮಂಡಿ ಹಿಡಿದುಕೊಂಡು ಎದ್ದ. ಎದ್ದವನು ಬೇರೆಯೇ ಮನುಷ್ಯ. ತೂರಾಡಿದ. ಇಲ್ಲದ ಟೋಪಿ ತೆಗೆದು ದೀಪದ ಕಂಬಕ್ಕೆ ನಮಸ್ಕಾರ ಮಾಡಿದ; ಕಂಬ ತಿರುಗಿ ನಮಸ್ಕಾರ ಮಾಡಲಿಲ್ಲವೆಂದು ಅದರ ವಂಶವನ್ನೆಲ್ಲ ಬೈದ. ಶುವಾಯಿ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ತಡೆಯಲಾಗಲಿಲ್ಲ. ಆಮೇಲೆ ಅಜ್ಜ ರಿಪೇರಿಗೆ ಬಂದಿದ್ದ ಯಾರದೋ ಹೊಳೆಯುವ ಶೂಗಳಿಗೆ ಕಾಲು ತೂರಿಸಿದ.

"'ಲೋ, ಅದು ಹೆಡ್‌ಮಾಸ್ಟರ್ ಶೂ, ಬಿಚ್ಚೋ' ಅಂತೀನಿ ನಾನು. 'ಒಂದು ಗಳಿಗೆ ಮಾರಾಯ, ನನ್ನ ಮಗಳು ಈಗ ಹೊರಗೆ ಬರ್ತಾಳೆ' ಅಂತಾನೆ ಅವನು. ಪ್ರತಿ ಶುಕ್ರವಾರ ಇದೇ ಗೋಳು!"

ರಸ್ತೆಯ ಅಂಚಿಗೆ ಹೋದ. ಒಂದು ಕಾಲು ಕೆಳಗಿಟ್ಟ, ಹಿಂದಕ್ಕೆ ತೆಗೆದ. ಓಡಿಬಂದು ಅಂಗಡಿಯ ಹಲಗೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಇಣುಕಿದ.

"ಬರ್ತಿದ್ದ ಮಗಳೇ. ನಾಚಿಕೆ ಅವನಿಗೆ, ರಸ್ತೆ ದಾಟ್ತಿರ್ಲಿಲ್ಲ. ನಿಂಗೆ ಅವನ ಗುರುತೇ ಸಿಕ್ಕಿರ್ಲಿಲ್ಲ."

ಶುವಾಯಿಯ ನಗು ಹೋಗಿತ್ತು. "ಸಿಕ್ಕಿತ್ತು ಅಜ್ಜ," ಅಂದಳು. "ಜೊತೆಯವಳು ಕೇಳಿದ್ಳು, ಯಾರೇ ಅವನು, ನಿನ್ನೇ ನೋಡ್ತಿದಾನಲ್ಲ ಅಂತ. ಯಾವನೋ ಕುಡುಕ ಅಂದೆ. ಬೇಕು ಅಂತಲೇ ಜೋರಾಗಿ ಅಂದೆ. ಎಂಟು ವರ್ಷ ಆಗ ನಂಗೆ. ಯಾವ ಮುಖ ಇಟ್ಕೊಂಡು ಗೋರಿ ಹತ್ರ ಹೋಗ್ಲಿ?"

ಅಜ್ಜ ಹಲಗೆಯ ಹಿಂದಿನಿಂದ ಏಳಲಿಲ್ಲ.

"ಅಪ್ಪಂಗೆ ಕೇಳಿಸ್ತಾ ಅಜ್ಜ? ನಿಜ ಹೇಳಿ."

"ಎಲ್ಲಿಂದ ಕೇಳಿಸ್ಬೇಕು! ನಡುವೆ ಹೊಗೆಸೊಪ್ಪಿನ ಲಾರಿ ನಿಂತಿತ್ತು. ಅದರ ಗದ್ದಲದಲ್ಲಿ ಪಕ್ಕದಲ್ಲಿದ್ದ ನನ್ನ ಮಾತೇ ಅವನಿಗೆ ಕೇಳ್ತಿರ್ಲಿಲ್ಲ."

ಶುವಾಯಿ ಅವನ ಮಂಡಿಗೆ ತಲೆಯಿಟ್ಟು ಅತ್ತಳು. ಬಹಳ ಹೊತ್ತು ಅತ್ತಳು. ಹೋಗುವಾಗ ಗೋರಿ ಎಲ್ಲಿದೆ ಎಂದು ಕೇಳಿಕೊಂಡು ಹೋದಳು.

ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. "ಲಾರಿ ಇತ್ತಾ ಅಜ್ಜ?" ಅಂದೆ.

"ಯಾವ ಲಾರಿ?" ಅಜ್ಜ ಶೂ ಬಿಚ್ಚುತ್ತಿದ್ದ. "ಇಬ್ಬರಿಗೂ ಕೇಳಿಸ್ತು. 'ನನ್ನ ಮಗಳಿಗೇ ನನ್ನ ಗುರುತು ಸಿಗ್ಲಿಲ್ಲ ಕಣೋ' ಅಂದ. ಮತ್ತೆ ಬರಲೇ ಇಲ್ಲ. ಆ ಚಳಿಗಾಲ ಕಳೀಲಿಲ್ಲ ಅವನು." ಶೂಗಳನ್ನು ಒರೆಸಿ ಪಕ್ಕಕ್ಕಿಟ್ಟು ಅಂದ, "ಅದನ್ನ ಬರೀಬೇಡಮ್ಮ."

ಬಾಟಲಿ ಬರೆದೆ. ಹರಿದ ಶೂ ಬರೆದೆ. ಪ್ರಕಾಶಕರ ಜೊತೆ ಜಗಳ ಆಡಿ ಎರಡನ್ನೂ ಉಳಿಸಿಕೊಂಡೆ. ಶಾಲೆಯ ಪುಟದಲ್ಲಿ ಮಾತ್ರ, ಅಪ್ಪನಿಗೂ ಮಗಳಿಗೂ ನಡುವೆ, ದೊಡ್ಡದೊಂದು ಲಾರಿ ಬರೆದೆ.