ಒಂದು ನೂಲಿನ ಅಳತೆ

ನಮ್ಮ ಮನೆಯಲ್ಲಿ ಎರಡು ಸದ್ದುಗಳಿವೆ. ಪಡಸಾಲೆಯಲ್ಲಿ ಹೆಂಡತಿಯ ಕುಣಿಮಗ್ಗ, ಹಿತ್ತಲಲ್ಲಿ ಕಬ್ಬಿಣ ಕಡೆಯುವ ನನ್ನ ಲೇತ್ ಮಷೀನು. ಇಳಕಲ್ಲಿನಲ್ಲಿ ಮಗ್ಗದ ಸದ್ದಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಲೇತ್ ಶುರುವಾದರೆ ಮಾತ್ರ ಓಣಿಯೇ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಬಾಗಲಕೋಟೆ ಕಡೆಯ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದ ನಾನು ನಿವೃತ್ತನಾದ ಮೇಲೆ ಹುಬ್ಬಳ್ಳಿಯಿಂದ ಹಳೆಯ ಲೇತ್ ಒಂದನ್ನು ಟೆಂಪೋದಲ್ಲಿ ತಂದು, ಹಿಂದೆ ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಕೂರಿಸಿದ್ದೆ. ಎಮ್ಮೆಯಾಗಿದ್ದರೆ ಹಾಲಾದರೂ ಕೊಡುತ್ತಿತ್ತು ಎಂದು ಹೆಂಡತಿ ಮೊದಲ ದಿನವೇ ಅಂದಿದ್ದಳು.

ನಾನು ಸುಮ್ಮನೆ ಕೂರುವವನಲ್ಲ. ಕುಕ್ಕರಿನ ಹಿಡಿಕೆ, ನಲ್ಲಿಯ ತಿರುಪು, ಹೊಲಿಗೆ ಯಂತ್ರದ ಸವೆದ ಗಾಲಿ, ಏನು ಕೆಟ್ಟರೂ ನನಗೆ ಹಬ್ಬ. ಕೆಡದಿದ್ದರೆ ಬಿಚ್ಚಿ ನೋಡುತ್ತಿದ್ದೆ, ಆಮೇಲೆ ಕೆಡುತ್ತಿತ್ತು. ಒಂದು ಬೇಸಿಗೆಯಲ್ಲಿ ಶಾವಿಗೆ ಒತ್ತಿನ ಸ್ಕ್ರೂ ಹಾಳಾಗಿದೆಯೆಂದು ಹೊಸದನ್ನು ಮಾಡಿಕೊಟ್ಟೆ. ಸುತ್ತುಗಳನ್ನು ಬಲು ಒತ್ತೊತ್ತಾಗಿ, ನಯವಾಗಿ ಕೊರೆದಿದ್ದೆ. ಓಣಿಯ ಹೆಂಗಸರು ಸರದಿಯ ಮೇಲೆ ಹಿಡಿಕೆ ತಿರುವಿ ಸುಸ್ತಾಗಿ, ಮನೆಗೆ ಹೋಗಿ ಉಂಡು ಬಂದು ಮತ್ತೆ ತಿರುವಿದರೂ ಶಾವಿಗೆ ಬೆರಳುದ್ದವಷ್ಟೇ ಇಳಿದಿತ್ತು. ಸುತ್ತು ಒತ್ತಾದಷ್ಟೂ ಬಲ ಹೆಚ್ಚು ಎಂದು ನಾನು ತಿಳಿಸಿ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಂದಿನಿಂದ, ನಿಮ್ಮ ಮನೆಯವರು ಈಗ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಹೆಂಡತಿಯದು ಒಂದೇ ಉತ್ತರ: "ಕಬ್ಬಿಣ ಕೆರಕೋತ ಕೂಡ್ತಾರ." ನಗುನಗುತ್ತಲೇ ಹೇಳುತ್ತಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಜೀವಮಾನವೆಲ್ಲ ಕೂದಲೆಳೆಯ ಲೆಕ್ಕದಲ್ಲಿ ಕೆಲಸ ಮಾಡಿದವನು ನಾನು, ಕೆರೆಯುವುದು ಕೋಳಿ.

ಹೀಗಿರುವಾಗ ಅವಳ ತಂಗಿಯ ಮಗನ ಮದುವೆ ಬಾದಾಮಿಯಲ್ಲಿ ಗೊತ್ತಾಯಿತು. ಅಲ್ಲಿಯವರೆಗೂ ನೇಯ್ದ ಸೀರೆಗಳನ್ನೆಲ್ಲ ವ್ಯಾಪಾರಿಗಳಿಗೆ ಕೊಟ್ಟಿದ್ದ ಹೆಂಡತಿ, ಈ ಮದುವೆಗೆ ನನಗೇ ಒಂದು ಸೀರೆ ನೇಯ್ದುಕೊಳ್ಳುತ್ತೇನೆ ಎಂದು ಹಟ ಹಿಡಿದು ಕೂತಳು. ನನಗೂ ಸಂತೋಷವಾಯಿತು. ಒಡಲು ಮುಗಿಯಿತು. ಕೆಂಪು ರೇಷ್ಮೆಯ ಸೆರಗು ಶುರುವಾಯಿತು. ತಂಗಿ ದಿನಾ ವಿಡಿಯೋ ಕಾಲ್ ಮಾಡಿ ಸೆರಗು ಎಲ್ಲಿಗೆ ಬಂತು ತೋರಿಸು ಎನ್ನುತ್ತಿದ್ದಳು. ಮದುವೆಗೆ ಇನ್ನೊಂದು ವಾರವಿದೆ ಎನ್ನುವಾಗ ಲಾಳಿ ಕೈಕೊಟ್ಟಿತು.

ಮಗ್ಗದಲ್ಲಿ ಆಚೆಯಿಂದ ಈಚೆಗೆ ಓಡಾಡುವ ಈ ಲಾಳಿ ಹೆಂಡತಿಯ ತಾಯಿಯದು. ಇಬ್ಬರ ಕೈಯಲ್ಲೂ ಸವೆದು ಕಟ್ಟಿಗೆ ಕನ್ನಡಿಯಾಗಿತ್ತು. ಅದರ ಹೊಟ್ಟೆಯಲ್ಲೊಂದು ಕಬ್ಬಿಣದ ಕಡ್ಡಿ, ಆ ಕಡ್ಡಿಯ ಮೇಲೆ ನೂಲು ಸುತ್ತಿದ ಕಂಡಿಕೆ ಕೂರುತ್ತದೆ. ಕಡ್ಡಿ ಸವೆದು ಕಂಡಿಕೆ ಅಲುಗಾಡತೊಡಗಿತ್ತು, ಎಳೆ ಮೇಲಿಂದ ಮೇಲೆ ಹರಿಯುತ್ತಿತ್ತು. ಪೇಟೆಯಲ್ಲಿ ಹೊಸ ಲಾಳಿ ಸಿಗುತ್ತದೆ ಎಂದು ಹೇಳಿ ನೋಡಿದೆ. ಸೆರಗಿನ ನಡುವೆ ಲಾಳಿ ಬದಲಿಸಿದರೆ ಕೈ ಬದಲಾಗುತ್ತದೆ, ಬಟ್ಟೆಯಲ್ಲಿ ಗೆರೆ ಕಾಣುತ್ತದೆ ಎಂದಳು. ಅಲ್ಲದೆ ಅದು ಅವ್ವನದು ಎಂದೂ ಹೇಳಿದಳು. ಇದಕ್ಕೇ ಒಂದು ಹೊಸ ಕಡ್ಡಿ ಮಾಡಿಕೊಡಿ ಎಂದಳು.

ಒಳಗೊಳಗೇ ನಾನು ಹಿಗ್ಗಿದ್ದೆ. ಲೇತ್ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ಕೆಲಸ ಅದು. ಹಳೆಯ ಕಡ್ಡಿಯನ್ನು ಹಿಡಿದಿದ್ದ ಮೊಳೆಯನ್ನು ಮೆಲ್ಲಗೆ ಬಡಿದು ಹೊರಗೆ ತೆಗೆದೆ. ಒಣಗಿದ ಕಟ್ಟಿಗೆ, ಸೀಳಿದರೆ ಮುಗಿಯಿತು. ಸೀಳಲಿಲ್ಲ. ಹೊಸ ಕಡ್ಡಿ ಮಾಡಿ, ಎಣ್ಣೆ ಒರೆಸಿ, ಕೂಡಿಸಿ ಕೊಟ್ಟೆ. ಕಂಡಿಕೆ ಹಾಕಿ ನೋಡಿದವಳು ತಿರುಗಿ ನನ್ನ ಕೈಗಿಟ್ಟಳು.

"ತುಸು ಬಿಗಿ ಆಗೇತ್ರಿ. ಒಂದ ನೂಲ ತಗೀರಿ, ಸಾಕು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಕೆಲಸದಲ್ಲಿ ತಪ್ಪು ತೆಗೆದಳಲ್ಲ ಎಂದು ಬುಸುಗುಡುತ್ತ ಹಿತ್ತಲಿಗೆ ಹೋದೆ. ಬಡಿಗರಲ್ಲಿ, ನಮ್ಮಂಥ ಮಿಸ್ತ್ರಿಗಳಲ್ಲಿ, ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಪಾಲಿಗೆ ನೂಲು ಎನ್ನುತ್ತೇವೆ. ಕಡ್ಡಿ ಇದ್ದದ್ದೇ ಎರಡು ನೂಲು ದಪ್ಪ. ಒಂದು ನೂಲು ತೆಗೆದರೆ ಉಳಿಯುವುದೇನು ಎಂದು ಯಾವ ಟರ್ನರ್ ಆದರೂ ಕೇಳುತ್ತಿದ್ದ. ನಾನು ಕೇಳಲಿಲ್ಲ. ಹೇಳಿದ್ದು ಅವಳು, ಮಾಡುವುದು ನಾನು, ಆಮೇಲೆ ನನ್ನನ್ನು ಅನ್ನಬಾರದು ಎಂದುಕೊಂಡು ಮೊಳೆ ಬಿಚ್ಚಿ, ಕಡ್ಡಿಯನ್ನು ಲೇತಿಗೆ ಕಚ್ಚಿಸಿ, ಒಂದು ನೂಲು ಇಳಿಸಿಬಿಟ್ಟೆ. ಉಳಿದದ್ದು ಚೀಲ ಹೊಲಿಯುವ ದಬ್ಬಣ.

ಹೆಂಡತಿ ಆ ದಬ್ಬಣದ ಮೇಲೆ ಕಂಡಿಕೆ ಹಾಕಿ, ಲಾಳಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗುಡಿಯಲ್ಲಿ ಮಂಗಳಾರತಿಗೆ ಬಾರಿಸಬಹುದಿತ್ತು.

ನೀನೇ ಒಂದು ನೂಲು ಅಂದೆ ಎಂದು ನಾನು ಕೂಗಾಡಿದೆ. ಅವಳು ಮಗ್ಗದಿಂದ ಒಂದು ಕೆಂಪು ಎಳೆ ಹರಿದು ನನ್ನ ಕಣ್ಣೆದುರು ಹಿಡಿದಳು.

"ಇಳಕಲ್ಲಾಗ ಹುಟ್ಟಿದಾಕಿ ನಾ. ನೂಲಂದ್ರ ಇದು."

ಆಮೇಲೆ ಎರಡು ದಿನ ಮಗ್ಗವೂ ನಿಂತಿತು, ಲೇತೂ ನಿಂತಿತು. ಊರಿಗೆ ಹೋಗಿದ್ದೀರೇನೋ ಎಂದು ಪಕ್ಕದ ಮನೆಯವರು ಬಾಗಿಲು ಬಡಿದು ಕೇಳಿದರು. ಬಾದಾಮಿಯಿಂದ ವಿಡಿಯೋ ಕಾಲ್ ಬಂದರೆ ಹೆಂಡತಿ ಫೋನನ್ನು ಮಗ್ಗದ ಕಡೆಗೆ ತಿರುಗಿಸದೆ ಅಡುಗೆಮನೆಯ ಗೋಡೆ ತೋರಿಸಿ ಮಾತಾಡುತ್ತಿದ್ದಳು. ಅದನ್ನು ನೋಡಲಾರದೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಮೋಟಾರು ವೈಂಡಿಂಗ್ ಮಾಡುವ ನನ್ನ ಗೆಳೆಯ ಭಾಯಿ ಹುನಗುಂದದಿಂದ ಚಹಾಕ್ಕೆ ಬಂದಿದ್ದ. ಕತೆ ಕೇಳಿ ಅವನು ಕಪ್ಪು ಕೆಳಗಿಟ್ಟು ನಕ್ಕ. ಕಣ್ಣೀರು ಒರೆಸಿಕೊಂಡು ಮತ್ತೆ ನಕ್ಕ. ಹೋಗುವಾಗ ಮಾತ್ರ ಗಂಭೀರವಾಗಿ ಹೇಳಿದ: "ಮಿಸ್ತ್ರಿ, ನಿನ್ನ ನೂಲು ಕಾರ್ಖಾನ್ಯಾಗ ಬಿಟ್ಟ ಬಾ. ಈ ಮನ್ಯಾಗ ಆಕಿ ನೂಲ ನಡೀತದ."

ಮರುದಿನ ಬೆಳಿಗ್ಗೆ ಮತ್ತೊಂದು ಕಡ್ಡಿ ಮಾಡಿದೆ, ಮೊದಲಿನಷ್ಟೇ ಬಿಗಿಯಾಗಿ. ಪಡಸಾಲೆಗೆ ಹೋಗಿ, ನಿನ್ನ ನೂಲು ತೆಗೆದುಕೊಂಡು ಬಾ ಎಂದೆ. ಅವಳು ಅದೇ ಕೆಂಪು ಎಳೆ ಹಿಡಿದು ಹಿತ್ತಲಿಗೆ ಬಂದಳು. ಕೂದಲಿನ ದಪ್ಪವನ್ನೂ ಹೇಳುವ ಮೈಕ್ರೊಮೀಟರಿನ ಬಾಯಲ್ಲಿ ಅದನ್ನಿಟ್ಟು ತಿರುವಿದೆ. ರೇಷ್ಮೆ ಮೆತ್ತಗಿನದು, ಒತ್ತಿದಷ್ಟೂ ಚಪ್ಪಟೆಯಾಗುತ್ತಿತ್ತು. ಪ್ರತಿ ಸಲವೂ ಬೇರೆ ಅಳತೆ. ನನಗೆ ಮತ್ತೆ ಸಿಟ್ಟು ಏರುತ್ತಿರುವುದನ್ನು ನೋಡಿ ಅವಳು ಎಳೆಯ ಎರಡೂ ತುದಿ ಬೆರಳಲ್ಲಿ ಹಿಡಿದು, ಮೆಲ್ಲಗೆ ಆಚೆ ಈಚೆ ಜಗ್ಗತೊಡಗಿದಳು.

"ಈಗ ತಿರುವ್ರಿ. ಮೆತ್ತಗ. ಹ್ಞಾಂ, ತಡೀತು. ನಿಲ್ಲಸ್ರಿ."

ನಿಲ್ಲಿಸಿದೆ. ಮತ್ತೊಮ್ಮೆ ಮಾಡಿದೆವು. ಅಳತೆ ಅದೇ ಬಂತು. ಮೂರನೆಯ ಸಲವೂ ಅದೇ. ಅಷ್ಟನ್ನೇ ಕಡ್ಡಿಯಿಂದ ಇಳಿಸಿದೆ. ಮಷೀನು ನಡೆಯುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ಎಮ್ಮೆ ಮಾರಿದ ಮೇಲೆ ಆ ಜಾಗಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮೊಳೆಯನ್ನು ಮತ್ತೆ ಬಡಿಯಲು ಎತ್ತಿದ ಸುತ್ತಿಗೆಯನ್ನು ಕೆಳಗಿಳಿಸಿದೆ. ಎಷ್ಟು ಸಲ ಬಡಿಸಿಕೊಂಡೀತು ಆ ಕಟ್ಟಿಗೆ? ಅವಳು ಎರಡೂ ಅಂಗೈಯಲ್ಲಿ ಲಾಳಿಯನ್ನು ಒತ್ತಿ ಹಿಡಿದಳು. ಮೊಳೆ ಕೂತಿತು. ಕಂಡಿಕೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಈ ಸಲ ಸದ್ದಿಲ್ಲ. ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಕೇಳಿಸಿತು.

ಬಾದಾಮಿಯ ಮದುವೆ ಚಪ್ಪರದಲ್ಲಿ ಆ ಸೀರೆಯದೇ ಮಾತು. ಹೆಂಗಸರು ಸೆರಗನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಬೆಳಕಿಗೆ ಒಡ್ಡಿ ನೋಡುತ್ತಿದ್ದರು. ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ನನಗೇನೂ ಕೇಳಿಸದವನಂತೆ ಕೇಳಿಸಿಕೊಳ್ಳುತ್ತಿದ್ದೆ. ಬೀಗರ ಕಡೆಯ ಹಿರಿಯಾಕೆಯೊಬ್ಬರು, ನಿಮ್ಮ ಮನೆಯವರು ಈಗ ಏನು ಮಾಡುತ್ತಾರೆ ಎಂದು ಕೇಳಿಯೇ ಬಿಟ್ಟರು. ನಾನು ಚಪ್ಪಲಿ ನೋಡಿಕೊಂಡೆ.

"ಕಬ್ಬಿಣ ಕೆರೀತಾರ್ರಿ," ಎಂದಳು ಹೆಂಡತಿ. ಸೆರಗನ್ನು ಹೆಗಲ ಮೇಲೆ ಸರಿ ಮಾಡಿಕೊಂಡು, ಹಿಂದೆ ತಿರುಗದೆಯೇ ನನಗೆ ಕೇಳುವಷ್ಟು ಗಟ್ಟಿಯಾಗಿ ಮುಂದುವರಿಸಿದಳು: "ಆದ್ರ ಒಂದ ನೂಲ ಹೆಚ್ಚಿಲ್ಲ, ಒಂದ ನೂಲ ಕಡಿಮಿ ಇಲ್ಲ."

ಯಾರ ನೂಲು ಎಂದು ಕೇಳಲು ಬಾಯಿ ತೆರೆದಿದ್ದೆ. ಆ ಹಿರಿಯಾಕೆ ತಿರುಗಿ ನನ್ನ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡು, ಎದ್ದು ನಿಂತು ನಮಸ್ಕಾರ ಮಾಡಿದೆ.