ಆಟಿಯಲ್ಲಿ ಸಿಕ್ಕಿಬಿದ್ದ ಹಳದಿ ಚೀಟಿ

ನನ್ನ ಸೊಸೆ ಓದಿದ್ದು ಕಾನೂನು, ಆದರೆ ಕೋರ್ಟಿಗೆ ಹೋಗುವುದಿಲ್ಲ. ನಾನಾ ದೇಶಗಳ ವಕೀಲರು ಸೇರಿ ಕಟ್ಟಿಕೊಂಡ ಒಂದು ಸಂಘವಿದೆ. ಮುಂದಿನ ವರ್ಷ ಆ ಸಂಘ ಯಾವ ವಿಷಯದ ಅಧ್ಯಯನ ಮಾಡಬೇಕು, ಯಾವ ನೀತಿಗೆ ದನಿ ಎತ್ತಬೇಕು ಎಂದು ಯೋಜನೆ ಹಾಕುವುದು ಅವಳ ಕೆಲಸ. ಎಲ್ಲವೂ ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯಿಂದಲೇ. ಲೋಕಲ್ ರೈಲ್‌ನಲ್ಲಿ ನೇತಾಡಬೇಕಾಗಿಲ್ಲ, ಅದೊಂದು ದೇವರ ದಯೆ.

ಯೋಜನೆ ಎಂದರೆ ನಮ್ಮ ಹಾಲ್‌ನ ಗೋಡೆ. ತಿಂಗಳುಗಳ ಹೆಸರನ್ನು ಸಾಲಾಗಿ ಹಾಕಿ, ಕೆಳಗೆ ಬಣ್ಣದ ಚೀಟಿಗಳನ್ನು ಅಂಟಿಸಿದ್ದಳು. ಹಸಿರು, ಗುಲಾಬಿ, ನೀಲಿಯೆಲ್ಲ ಸಂಘದ ದೊಡ್ಡವರು ಹೇಳಿದ ವಿಷಯಗಳು. ಹಳದಿ ಮಾತ್ರ ಅವಳದೇ: ಕಿರಿಯ ವಕೀಲರು ಯಾಕೆ ಇಷ್ಟು ಬೇಗ ಸುಸ್ತಾಗಿ ಕೆಲಸ ಬಿಡುತ್ತಾರೆ ಎಂಬ ಅಧ್ಯಯನ. ಅವಳೂ ಹಾಗೆ ಬಿಟ್ಟು ಬಂದವಳೇ. ಎರಡು ವರ್ಷ ಸಂಘದ ಸಮಿತಿ ಅದನ್ನು ತಳ್ಳಿಹಾಕಿತ್ತು.

"ಅತ್ತೆ, ಈ ಸಲ ಲಾಸ್ಟ್ ಚಾನ್ಸ್. ಇಲ್ಲಾಂದ್ರೆ ಆ ಸಬ್ಜೆಕ್ಟೇ ಖತಂ," ಎಂದಿದ್ದಳು.

ಗೋಡೆಯ ಎದುರಿಗೇ ನಮ್ಮ ದೇವರ ಮಂಟಪ. ದೀಪ ಹಚ್ಚಿ ತಿರುಗಿದರೆ ಮೊದಲು ಕಣ್ಣಿಗೆ ಬೀಳುವುದು ಆ ಹಳದಿ ಚೀಟಿ. ಅದೂ ಜುಲೈ ಮೂರನೆಯ ವಾರದಲ್ಲಿ. ಅಂದರೆ ಆಟಿ, ತುಳುವರ ಆಷಾಢ! ನಮ್ಮ ಉಡುಪಿ ಕಡೆ ಆಟಿ ತಿಂಗಳಲ್ಲಿ ನನ್ನಮ್ಮ ಹೊಸ ಪೊರಕೆ ಸಹ ಮನೆಯೊಳಗೆ ತರುತ್ತಿರಲಿಲ್ಲ. ಎರಡು ಸಲ ಬಿದ್ದುಹೋದದ್ದು ಮತ್ತೆ ಯಾಕೆ?

ಸಮಿತಿಯ ಮೀಟಿಂಗಿನ ಹಿಂದಿನ ದಿನ ಸೊಸೆ ಸ್ನಾನಕ್ಕೆ ಹೋದಾಗ ಚೀಟಿಯನ್ನು ಮೆಲ್ಲಗೆ ಕಿತ್ತೆ. ಆಟಿ ದಾಟಿಸಿದರೆ ಗಣಪತಿ. ಡೊಂಬಿವಲಿಯಲ್ಲಿ ಆ ಹತ್ತು ದಿನ ಯಾರು ಕೆಲಸ ಮಾಡುತ್ತಾರೆ? ಗಣಪತಿ ದಾಟಿಸಿದರೆ ಪಿತೃಪಕ್ಷ. ಹೀಗೆ ಸರಿಸುತ್ತ ಸರಿಸುತ್ತ ಅಕ್ಟೋಬರಿಗೆ, ವಿಜಯದಶಮಿಗೆ ತಂದು ಅಂಟಿಸಿ, ಮೂಲೆಗೊಂದು ಕುಂಕುಮದ ಬೊಟ್ಟನ್ನೂ ಇಟ್ಟೆ.

ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಕನ್ನಡಕದ ಮೇಲಿಂದ ನೋಡಿದರು. "ಅದು ವಕೀಲರ ಕೆಲಸ ಮಾರಾಯ್ತಿ, ಮದುವೆ ಅಲ್ಲ."

"ಮದುವೆ ಆದ್ರೆ ನಿಮ್ಮನ್ನ ಕೇಳ್ತಿದ್ದೆ. ನೀವು ಪೇಪರ್ ಓದಿ."

ಮರುದಿನ ಬೆಳಿಗ್ಗೆ ಸೊಸೆ ಅವಸರದಲ್ಲಿ ಗೋಡೆಯ ಫೋಟೊ ತೆಗೆದು ಹಾಗೇ ಸಮಿತಿಗೆ ಕಳಿಸಿಬಿಟ್ಟಳು. ತಾನೇ ಅಂಟಿಸಿದ್ದನ್ನು ಮತ್ತೆ ಯಾರು ಓದುತ್ತಾರೆ!

ಮಧ್ಯಾಹ್ನ ಮೀಟಿಂಗ್. ಎಂಐಡಿಸಿ ಕಾರ್ಖಾನೆಗಳ ಕೆಮಿಕಲ್ ವಾಸನೆ ಅಂದು ಬರಲಿಲ್ಲ, ಕರೆಂಟೂ ಹೋಗಲಿಲ್ಲ. ಎರಡಕ್ಕೂ ಕೈಮುಗಿದು ನಾನು ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದೆ. ನನಗೆ ಇಂಗ್ಲಿಷ್ ಮಾತಾಡಲು ಬಾರದು, ಕೇಳಿದರೆ ತಿಳಿಯುತ್ತದೆ. ಲ್ಯಾಪ್‌ಟಾಪಿನಿಂದ ಒಬ್ಬ ಗಂಡಸಿನ ದನಿ ಹೇಳಿತು: ಅಕ್ಟೋಬರಿನಲ್ಲಿ ಶುರುವಾದರೆ ಇದು ವರ್ಷದೊಳಗೆ ಮುಗಿಯುವುದಿಲ್ಲ, ಹಳದಿಯನ್ನು ಕೈಬಿಡೋಣ.

ಸೊಸೆ ಗೋಡೆ ನೋಡಿದಳು. ಕುಂಕುಮ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಬಸಳೆ ಮೆತ್ತಿದ ಕೈಯಲ್ಲೇ ಹೋಗಿ ಕ್ಯಾಮೆರಾದ ಎದುರು ನಿಂತೆ. "ಅವಳು ಜುಲೈ ಅಂತಲೇ ಬರ್ದದ್ದು. ತೆಗ್ದು ಆಚೆ ಹಾಕಿದ್ದು ನಾನು. ಹೇಳು ಮಗಾ ಅವರಿಗೆ."

"ಅತ್ತೆ, ಪ್ಲೀಸ್, ಒಳಗೆ ಹೋಗಿ ನಾ..."

"ಹೇಳು ಅಂದೆ."

ಹೇಳಿದಳು. ಸಮಿತಿಯ ಅಧ್ಯಕ್ಷೆ, ತಲೆಯೆಲ್ಲ ಬೆಳ್ಳಗಾದ ಹೆಂಗಸು, ಜುಲೈ ಯಾಕೆ ಬೇಡ ಎಂದು ನನ್ನನ್ನೇ ಕೇಳಿದರು.

"ಆಟಿಯಲ್ಲಿ ಹೊಸತು ಶುರು ಮಾಡ್ಲಿಕ್ಕಿಲ್ಲ."

ಹಾಗಾದರೆ ಆ ತಿಂಗಳು ನೀವು ಏನು ಮಾಡುತ್ತೀರಿ ಎಂದರು.

"ಸುಮ್ಮನೆ ಕೂತ್ಕೊಳ್ತೇವಾ? ಅಡುಗೆಮನೆ ಡಬ್ಬ ತೆಗ್ದು ನೋಡೋದು. ಎಂತ ಉಂಟು, ಎಂತ ಇಲ್ಲ, ಮುಂದೆ ಎಂತ ಬೇಕು ಅಂತ."

ಸೊಸೆ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಆ ಅಮ್ಮ ನಕ್ಕರು. ಸರಿ, ಜುಲೈನಲ್ಲಿ ಡಬ್ಬ ನೋಡಿಕೊಳ್ಳಿ, ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ನಮ್ಮ ಕಡೆಯ ಕೋರ್ಟುಗಳಿಗೆ ಆಗಸ್ಟಿನಲ್ಲಿ ರಜೆ, ಅದು ಮುಗಿದ ಮೇಲೆ ವಕೀಲರಿಗೆ ಕಳಿಸಿ ಎಂದರು. ಹಳದಿ ಉಳಿಯಿತು.

ಲ್ಯಾಪ್‌ಟಾಪ್ ಮುಚ್ಚಿದ್ದೇ ತಡ, ಸೊಸೆ ನನ್ನ ಕಡೆ ತಿರುಗಿದಳು. "ಇನ್ನೊಂದ್ ಸಲ ಗೋಡೆಗೆ ಕೈ ಹಚ್ಚಿ ನೋಡಿ, ನಿಮ್ಮ ಮಂಟಪಾನ ಬಾಲ್ಕನಿಗೆ ಶಿಫ್ಟ್ ಮಾಡ್ತೀನಿ!" ಬೈದಳು, ಆಮೇಲೆ ಹೆಗಲಿಗೆ ತಲೆ ಇಟ್ಟು ಅತ್ತಳು. ಎರಡೂ ನನಗೆ ಸಲ್ಲಬೇಕಾದದ್ದೇ.

ಆದರೂ ಕೆಲಸ ಶುರುವಾಗುವುದು ಆಟಿಯಲ್ಲೇ ಆಯಿತಲ್ಲ! ಆಗ ಅಪ್ಪನ ನೆನಪಾಯಿತು. ಒಳ್ಳೆಯ ದಿನ ಪ್ರಯಾಣ ಹೊರಡಲಾಗದಿದ್ದರೆ ಅವರು ಆ ದಿನ ತಮ್ಮ ಕೊಡೆಯನ್ನು ನೆರೆಮನೆಯಲ್ಲಿ ಇಟ್ಟು ಬರುತ್ತಿದ್ದರು. ಪ್ರಸ್ಥಾನ ಎನ್ನುತ್ತಾರೆ, ಕೊಡೆ ಹೊರಟಿತೆಂದರೆ ಮನುಷ್ಯನೂ ಹೊರಟ ಲೆಕ್ಕ. ಮುಂದಿನ ವರ್ಷ ಜುಲೈ ಬರುವಷ್ಟರಲ್ಲಿ ಸೊಸೆ ಪ್ರಶ್ನೆಗಳ ಮೊದಲ ಪುಟ ಪ್ರಿಂಟ್ ತೆಗೆದಿದ್ದಳು. ಆಟಿಗೆ ಎರಡು ದಿನ ಮೊದಲು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನಾಲ್ಕು ಕಾಳು ಅಕ್ಷತೆ ಇಟ್ಟು, ನಾವು ವಹಿನಿ, ಅತ್ತಿಗೆ ಎಂದೇ ಕರೆಯುವ ಎದುರು ಮನೆಯ ಮರಾಠಿ ಹೆಂಗಸಿಗೆ ಕೊಟ್ಟು ಬಂದೆ. ಅವರು ಏನು ಎತ್ತ ಎಂದು ಕೇಳದೆ ತಮ್ಮ ದೇವರ ಪಕ್ಕ ಇಟ್ಟುಕೊಂಡರು. ಕೇಳದೆ ತಿಳಿದುಕೊಳ್ಳುವ ನೆರೆ ಸಿಕ್ಕಿರುವುದೂ ದೇವರ ದಯೆಯೇ.

ಜುಲೈ ಮೂರನೆಯ ವಾರ ಸೊಸೆ ಮೇಜಿನ ಮೇಲೆಲ್ಲ ಹುಡುಕತೊಡಗಿದಳು. "ಅತ್ತೆ, ಫಸ್ಟ್ ಪೇಜ್ ಎಲ್ಲಿ?"

"ಅದು ಆಗ್ಲೇ ಹೊರಟಾಯ್ತು."

"ಎಲ್ಲಿಗೆ?"

"ಎದುರು ಮನೆಗೆ."

ಹಣೆ ಚಚ್ಚಿಕೊಂಡು ಹೋಗಿ ತಂದಳು. ವಹಿನಿ ತಮ್ಮ ಕಡೆಯಿಂದಲೂ ಅದರ ಮೇಲೆ ಒಂದು ದಾಸವಾಳ ಇಟ್ಟಿದ್ದರು.